ಗಾಜಿನ ಮನೆಗೆ ಹಿಡಿಕೆ ಹಚ್ಚಿದ ಮೌನಪ್ಪ

ಒಂದೂರಿನಲ್ಲಿ ಒಬ್ಬ ತಾಯಿ, ಒಬ್ಬ ಮಗ. ತಾಯಿ ಈರವ್ವ, ಮಗ ಮೌನಪ್ಪ. ಊರ ಹೆಸರು ಕೇಳಬೇಡಿ. ಹೇಳಿದರೆ ಆ ಊರಿನವರು ನನ್ನ ಜೊತೆ ಜಗಳಕ್ಕೆ ಬರುತ್ತಾರೆ. ಮೌನಪ್ಪ ಕೆಟ್ಟವನಲ್ಲ, ಸೋಮಾರಿಯಲ್ಲ, ಕದಿಯುವವನಲ್ಲ, ಕುಡಿಯುವವನಲ್ಲ. ಹೇಳಿದ ಮಾತು ಮೀರುವವನಂತೂ ಅಲ್ಲವೇ ಅಲ್ಲ. ಅವನ ತೊಂದರೆಯೇ ಅದು! ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. "ಒಲಿ ಮ್ಯಾಲಿನ ಹಾಲು ನೋಡ್ಕೋತ ಕೂಡು" ಅಂದರೆ ಕೂತು ನೋಡುತ್ತಿದ್ದ. ಹಾಲು ಉಕ್ಕುವುದನ್ನೂ ನೋಡುತ್ತಿದ್ದ, ಒಲೆ ಆರುವುದನ್ನೂ ನೋಡುತ್ತಿದ್ದ. "ಯಾಕಲೇ ಇಳಸಲಿಲ್ಲ?" ಅಂದರೆ, "ನೋಡು ಅಂದಿ, ನೋಡಿದೆ" ಅನ್ನುತ್ತಿದ್ದ. ಈರವ್ವ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

ಅವನ ಅಪ್ಪ ಒಳ್ಳೇ ಬಡಿಗ. ಊರಿನ ಅರ್ಧ ಬಾಗಿಲು ಅವನ ಕೈಯವೇ. ಅವನು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಒಂದು ತೇಗಿನ ಪೆಟ್ಟಿಗೆ. ಒಬ್ಬ ಆಳು ಕಾಲು ಮಡಚಿ ಮಲಗಬಹುದು, ಅಷ್ಟು ದೊಡ್ಡದು. ಅದರ ತುಂಬ ಹತ್ಯಾರ: ಉಳಿ, ಬಾಚಿ, ಕರಗಸ, ಸುತ್ತಿಗೆ. ಆ ಪೆಟ್ಟಿಗೆಯ ಮೇಲೆ ಈರವ್ವನ ಅಣ್ಣ ಕಾಳಪ್ಪನ ಕಣ್ಣು. ಅವನೂ ಬಡಿಗನೇ.

"ತಂಗೀ, ಹತ್ಯಾರ ತುಕ್ಕು ಹಿಡಿಯಾಕತ್ತಾವು. ಈ ಮಳ್ಳನ ಕೈಯಾಗ ಇಟ್ಟು ಏನ್ಮಾಡ್ತಿ? ಪೆಟ್ಟಿಗಿ ನಾ ಒಯ್ತೀನಿ. ಇವನ್ನ ಇಟ್ಟಂಗಿ ಭಟ್ಟಿಗೆ ಕಳಸೂನು. ಇಟ್ಟಂಗಿ ಹೊತ್ತು ಹೊಟ್ಟಿ ತುಂಬಿಸ್ಕೋಲಿ!"

ಈರವ್ವನ ಕರುಳು ಚುರ್ ಅಂದಿತು. ತಾನಿರುವವರೆಗೆ ರೊಟ್ಟಿ ಬಡಿದು ಹಾಕುತ್ತಾಳೆ, ಆಮೇಲೆ? ಕೈಯಲ್ಲೊಂದು ಕಸುಬು ಇದ್ದರೆ ಪೆದ್ದನಾದರೂ ಬದುಕುತ್ತಾನೆ. ಹತ್ಯಾರ ಹೋದರೆ ಕಸುಬೂ ಹೋಯಿತು, ಅಪ್ಪನ ನೆನಪೂ ಹೋಯಿತು.

"ಅಣ್ಣಾ, ಒಂದು ಕೆಲಸ ಮಾಡಿ ತೋರಸ್ಲಿ. ಒಂದ ಒಂದು! ಆಗಲಿಲ್ಲಂದ್ರ ನೀ ಒಯ್ಯಿ, ನಾ ಬಾಯಿ ತಗಿಯೂದಿಲ್ಲ."

"ಆತು. ಮಾತು ಅಂದ್ರ ಮಾತು!" ಅಂದ ಕಾಳಪ್ಪ.

ಈಗ ಕೆಲಸ ಎಲ್ಲಿಂದ ತರುವುದು? ಈರವ್ವ ರೊಟ್ಟಿ ಬಡಿಯುತ್ತಿದ್ದದ್ದು ದೇಸಾಯರ ವಾಡೆಯಲ್ಲಿ. ಆ ವಾಡೆಯ ಹಿತ್ತಲ ಪಡಸಾಲೆಗೆ ಅಂಟಿಕೊಂಡು ಒಂದು ಗಾಜಿನ ಮನೆ ಇತ್ತು. ಹಿಂದಿನ ದೇಸಾಯರೊಬ್ಬರು ಎಲ್ಲೋ ನೋಡಿ ಬಂದು ಕಟ್ಟಿಸಿದ್ದು. ಗೋಡೆಯೂ ಗಾಜು, ಮಾಡೂ ಗಾಜು. ಚಳಿಗಾಳಿ ತಾಳದ ನಾಜೂಕಿನ ಹೂಗಿಡಗಳೆಲ್ಲ ಅದರೊಳಗೆ. ಅದರ ಒಡತಿ ಚಂದ್ರಾಬಾಯಿಗೆ ಆ ಕುಂಡಗಳೇ ಉಸಿರು. ಅದಕ್ಕೆ ಎರಡು ಬಾಗಿಲು, ಒಂದು ಪಡಸಾಲೆ ಕಡೆಗೆ, ಒಂದು ತೋಟದ ಕಡೆಗೆ. ಒಂದೊಂದು ಬಾಗಿಲಿಗೂ ಒಳಗೊಂದು ಹೊರಗೊಂದು ಹಿತ್ತಾಳೆ ಹಿಡಿಕೆ. ಹಿಡಿಕೆ ತಿರುವಿದರೆ ಕೊಂಡಿ ಬಿಚ್ಚಬೇಕು, ಬಿಟ್ಟರೆ ಬಾಗಿಲು ತಾನಾಗಿ ಕಚ್ಚಿಕೊಳ್ಳಬೇಕು. ಆದರೆ ಎಷ್ಟೋ ಕೈ ಹಿಡಿದು ಹಿಡಿದು ಹಿಡಿಕೆಗಳು ಸವೆದು ನುಣ್ಣಗಾಗಿದ್ದವು. ತಿರುವಿದರೆ ಬರೀ ಗರಗರ ತಿರುಗುತ್ತಿದ್ದವು, ಕೊಂಡಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಒಂದು ದಿನ ಬಾಯಿಯವರು ಜೋರಾಗಿ ಎಳೆದರು. ಹಿಡಿಕೆ ಕೈಗೆ ಬಂತು, ಬಾಯಿಯವರು ನೆಲಕ್ಕೆ ಬಂದರು!

"ಈರವ್ವಾ! ಈ ನಾಕೂ ಹಿಡಿಕಿ ಬದಲಿ ಮಾಡಸ್ಬೇಕು. ಒಬ್ಬ ಬಡಿಗ್ಯಾನ್ನ ಕರಕೊಂಬಾ!"

"ನನ್ನ ಮಗಾನ ಅದಾನಲ್ರಿ ಬಾಯಾರ!" ಅಂದುಬಿಟ್ಟಳು ಈರವ್ವ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಮಾತು ಆಗಲೇ ಬಾಯಿಂದ ಹೊರಗೆ ಬಿದ್ದಿತ್ತು.

ಮನೆಗೆ ಬಂದು ಮಗನನ್ನು ಕರೆದಳು. "ಮೌನಪ್ಪಾ, ವಾಡೇಕ್ಕ ಹೋಗು, ಹಿಡಿಕಿ ಅಳತಿ ತಗೊಂಡು ಬಾ."

"ಹೂಂ ಬೇ," ಅಂದ, ಹೋದ. ಹಿಡಿಕೆಯ ಈ ತುದಿಗೆ ಒಂದು ಬೆರಳು, ಆ ತುದಿಗೆ ಒಂದು ಬೆರಳು ಇಟ್ಟ. ಅಳತೆ ಸಿಕ್ಕಿತು. ಆ ಎರಡು ಬೆರಳನ್ನೂ ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ಮನೆ ಕಡೆ ಹೊರಟ. ಎದುರಿಗೆ ಮಠದ ಸ್ವಾಮಿಗಳು ಬಂದರು, ಊರೆಲ್ಲ ಕೈ ಮುಗಿಯಿತು, ಇವನು ಮುಗಿಯಲಿಲ್ಲ. ಮೂಗಿನ ಮೇಲೆ ನೊಣ ಕೂತಿತು, ಓಡಿಸಲಿಲ್ಲ. ಎತ್ತಿನ ಗಾಡಿ ಬಂತು, ಸರಿಯಲು ಹೋಗಿ ಗಟಾರಕ್ಕೆ ಬಿದ್ದ. ಮೊಣಕಾಲವರೆಗೆ ಕೆಸರು, ಕೈ ಮಾತ್ರ ಮೇಲೆ! ಮನೆ ಮುಂದೆ ನಿಂತು ಕೂಗಿದ: "ಯವ್ವಾ! ಬಾಗಲಾ ತಗಿಬೇ, ನನಗ ಕೈ ಇಲ್ಲ!"

ಈರವ್ವ ಓಡಿ ಬಂದು ಎರಡೂ ಕೈ ಹಿಡಿದು ಅಲ್ಲಾಡಿಸಿದಳು. "ಏನಾತೋ ಯಪ್ಪಾ ಕೈಗೆ? ಏನಾತೋ?"

"ಹೋತು! ಅಲ್ಲಿಂದ ತಂದಿದ್ದೆ, ಮನಿ ಮುಂದ ಚೆಲ್ಲಿದೆಲ್ಲಬೇ ಅಳತೀನ!"

"ಥೂ ಹುಚ್ಚಪ್ಯಾಲಿ! ಅಳತೀನ ಕೈಯಾಗ ಹಿಡ್ಕೊಂಡು ಬರ್ತಾರೇನು? ಬಾಗಲದ ಹಿಡಿಕೀನ ಬಿಚ್ಚಬೇಕು, ಅರಿವ್ಯಾಗ ಸುತ್ತಬೇಕು, ಚೀಲದಾಗ ಹಾಕ್ಕೊಂಡು ಬರಬೇಕು!"

"ಹಂಗ ಮಾಡ್ತೀನಿ ಬೇ."

ಈರವ್ವ ತಾನೇ ವಾಡೆಗೆ ಹೋಗಿ, ಬಾಯಿಯವರ ಕೈಗೆ ಕಿತ್ತು ಬಂದಿತ್ತಲ್ಲ, ಆ ಹಿಡಿಕೆ ಇಸಿದುಕೊಂಡು ಬಂದಳು. ಮರುದಿನ ಅದನ್ನು ಮಗನ ಕೈಗೆ ಕೊಟ್ಟಳು. "ಪ್ಯಾಟ್ಯಾಗ ರೇವಣಸಿದ್ದಪ್ಪನ ಕಬ್ಬಿಣ ಸಾಮಾನಿನ ಅಂಗಡಿ ಐತಲ್ಲ, ಅಲ್ಲಿಗೆ ಹೋಗು. ಹಿಂಥಾವ ಹಿಡಿಕಿ ತಗೊಂಡು ಬಾ. ಅವನಿಗೆ ನಾ ಹೇಳೀನಿ."

ಮೌನಪ್ಪ ಅಂಗಡಿಗೆ ಹೋದ. ಅಂಗಡಿಯ ಬಾಗಿಲಿಗೇ ಅಂಥದ್ದೇ ಒಂದು ಹಿಡಿಕೆ! ಥಳಥಳ ಹೊಳೆಯುತ್ತಿತ್ತು. ಅವ್ವ ಹೇಳಿದ್ದು ನೆನಪಾಯಿತು: ಬಾಗಿಲದ್ದು ಬಿಚ್ಚಬೇಕು, ಅರಿವೆಯಲ್ಲಿ ಸುತ್ತಬೇಕು, ಚೀಲಕ್ಕೆ ಹಾಕಬೇಕು. ಬಿಚ್ಚಿದ, ಸುತ್ತಿದ, ಹಾಕಿದ. ಒಳಗೆ ತಕ್ಕಡಿ ಹಿಡಿದು ಮೊಳೆ ತೂಗುತ್ತಿದ್ದ ರೇವಣಸಿದ್ದಪ್ಪ ತಲೆ ಎತ್ತಿ ನೋಡುವಷ್ಟರಲ್ಲಿ ಇವನು ಚೌಕ ದಾಟಿದ್ದ.

"ಹಿಡೀರಿ ಅವನ್ನ! ಅಂಗಡಿ ಹಾಕ್ಕೊಳ್ಳೂದು ಹೆಂಗ ನಾ? ಹಿಡೀರಿ!"

ಆ ದಪ್ಪ ಮನುಷ್ಯ ಓಡಿದ್ದು ಅದೇ ಮೊದಲು. ಏದುಸಿರು ಬಿಡುತ್ತ ಈರವ್ವನ ಮನೆಗೆ ಬಂದು ಕಟ್ಟೆಯ ಮೇಲೆ ಕುಸಿದ. ಈರವ್ವ ಅವನಿಗೆ ನೀರು ಕೊಟ್ಟಳು, ಬೆಲ್ಲ ಕೊಟ್ಟಳು, ಹಿಡಿಕೆಯನ್ನೂ ಕೊಟ್ಟಳು, ಕೈ ಮುಗಿದಳು. ಪುಣ್ಯಾತ್ಮ ಒಳ್ಳೆಯವನು. ನಾಲ್ಕು ಹೊಸ ಹಿಡಿಕೆ ತಾನೇ ಕಳಿಸಿಕೊಟ್ಟ. ಮೌನಪ್ಪ ಇನ್ನೊಮ್ಮೆ ಅಂಗಡಿ ಕಡೆ ಬರದಿದ್ದರೆ ಸಾಕಿತ್ತು ಅವನಿಗೆ.

"ಖೋಡಿ! ಮಂದಿ ಸಾಮಾನಿಗೆ ಹಂಗ ಕೈ ಹಚ್ಚತಾರೇನು? ಮದಲ ಮಾಲಕರನ್ನ ಕೇಳಬೇಕು! 'ಮಾಡ್ಲೇನ್ರಿ?' ಅಂತ ಕೇಳಬೇಕು. ಅವರು ಹೂಂ ಅಂದ ಮ್ಯಾಲ ಮಾಡ್ಬೇಕು. ಹೂಂ ಅನ್ನೂತನಕ ಬೆರಳ ಸೈತ ಅಲುಗಿಸಬಾರ್ದು!"

"ಹಂಗ ಮಾಡ್ತೀನಿ ಬೇ."

ಮುಂದಿನ ದಿನ ವಾಡೆಯಲ್ಲಿ ಕೆಲಸ ಸುರುವಾಯಿತು. ಈರವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಹಿತ್ತಲ ಕಡೆ ಕಿವಿ ಇಟ್ಟಿದ್ದಳು.

"ಬಾಯಾರ, ಈ ಸ್ಕ್ರೂ ತಿರುವ್ಲೇನ್ರಿ?"

"ಹೂಂ, ತಿರುವಪ್ಪ."

"ಬಾಯಾರ, ಇನ್ನೊಂದು ಸ್ಕ್ರೂ ತಿರುವ್ಲೇನ್ರಿ?"

"ಹೂಂ!"

"ಬಾಯಾರ, ಹಿಡಿಕಿ ಕೆಳಗ ಇಡ್ಲೇನ್ರಿ?"

"ಇಡೋ ಮಾರಾಯಾ!"

"ಬಾಯಾರ, ಮೂಗು ಕೆರ್ಕೊಳ್ಲೇನ್ರಿ?"

ಬಾಯಿಯವರ ತಲೆ ಕೆಟ್ಟು ಮೊಸರಾಯಿತು. ಎದ್ದು ದೇವರ ಕೋಣೆಗೆ ಹೋಗಿ ಕದ ಹಾಕಿಕೊಂಡರು. ಮೌನಪ್ಪ ಹಳೇ ಹಿಡಿಕೆಗಳನ್ನೆಲ್ಲ ಬಿಚ್ಚಿಟ್ಟಿದ್ದ, ಹೊಸದನ್ನು ಕೈಯಲ್ಲಿ ಹಿಡಿದಿದ್ದ. ಹೂಂ ಅನ್ನುವವರಿಲ್ಲ. ಕೂತ. ಬಾಗಿಲು ಹಾರುಹೊಡೆದಿತ್ತು. ತೋಟದ ಮಾವಿನ ಮರದಿಂದ ಒಂದು ಮಂಗ ಇಳಿಯಿತು, ಒಳಗೆ ಬಂತು. ಕೆಂಪು ದಾಸವಾಳ ತಿಂದಿತು. ಹಳದಿಯದನ್ನೂ ತಿಂದಿತು. ಕುಂಡ ಉರುಳಿಸಿತು, ಬೇರು ಕಿತ್ತು ಮೂಸಿ ಎಸೆಯಿತು. ಹೋಗುವಾಗ ಮೌನಪ್ಪನ ಕಿವಿಯನ್ನೂ ಜಗ್ಗಿ ಹೋಯಿತು. ಮೌನಪ್ಪ ಬೆರಳು ಅಲುಗಿಸಲಿಲ್ಲ!

ಪೂಜೆ ಮುಗಿಸಿ ಬಂದ ಬಾಯಿಯವರು ಕಿರುಚಿದ ಕಿರುಚಿಗೆ ಈರವ್ವನ ಕೈಯಿಂದ ರೊಟ್ಟಿ ಜಾರಿ ಬೂದಿಗೆ ಬಿತ್ತು.

"ನೋಡ್ಕೋತ ಕುಂತಿದ್ದಿಯೇನಲೇ? ಓಡಸಾಕ ಏನಾಗಿತ್ತು?"

"ನೀವು ಹೂಂ ಅಂದಿರ್ಲಿಲ್ರೀ."

"ಅಯ್ಯ ನನ್ನ ಶಿವನ! ಕೇಳಿಲ್ಲಿ. ಯಾವುದರ ಈ ಬಾಗಲದಾಗ ತಲಿ ಹಾಕಿತಂದ್ರ ಬಡಿಗಿ ತಗೊಂಡು ಓಡಸ್ಬೇಕು! ಓಡಿಸಿ ಬಾಗಲಾ ಜಡದ ಹಾಕ್ಕೋಬೇಕು! ಅದಕ್ಕ ನನ್ನ ಕೇಳಬ್ಯಾಡ!"

"ಹಂಗ ಮಾಡ್ತೀನ್ರಿ."

ಈರವ್ವ ಮಣ್ಣು ಬಳಿದಳು, ಕುಂಡ ನಿಲ್ಲಿಸಿದಳು, ಬಾಯಿಯವರ ಕಾಲು ಹಿಡಿದಳು. "ಇನ್ನೊಂದು ದಿನ ನೋಡ್ರಿ ಬಾಯಾರ, ಒಂದ ದಿನ." ಬಾಯಿಯವರು ಬೈದರೂ ಮನಸ್ಸು ಮೆದು. ಹೂಂ ಅಂದರು.

ಮರುದಿನ ಬೆಳಿಗ್ಗೆ ಮೌನಪ್ಪ ಒಳಗಿನ ಹಿಡಿಕೆ ಎರಡೂ ಹಚ್ಚಿದ. ಚೆನ್ನಾಗಿಯೇ ಹಚ್ಚಿದ, ಸುಳ್ಳು ಹೇಳಬಾರದು. ಕೈಯಲ್ಲಿ ಅಪ್ಪನ ಗುಣ ಇತ್ತು, ಇರದೇ ಇದ್ದದ್ದು ತಲೆಯಲ್ಲಿ. ಪಕ್ಕಕ್ಕೇ ಒಂದು ಬಡಿಗೆ ಇಟ್ಟುಕೊಂಡಿದ್ದ. ಆಗ ತೋಟದ ಕಡೆ ಬಾಗಿಲಲ್ಲಿ ಒಂದು ತಲೆ ಬಂತು. ಯಾರದು? ಸೋದರಮಾವ ಕಾಳಪ್ಪನದು! ಅಳಿಯನ ಕೆಲಸ ಹೇಗಿದೆ ನೋಡೋಣ ಅಂತ ಬಗ್ಗಿ ಒಳಗೆ ಇಣುಕಿದ್ದ.

"ಹೊಯ್! ಹೊಯ್! ಹೊಯ್!"

ಬಡಿಗೆ ಎತ್ತಿದ ನೋಡಿ ಮೌನಪ್ಪ! ಕಾಳಪ್ಪನ ರುಮಾಲು ಒಂದು ಕಡೆ, ಕೆರ ಒಂದು ಕಡೆ. ಬಾವಿ ಸುತ್ತ ಎರಡು ಸಲ ಓಡಿಸಿ, ತಿರುಗಿ ಬಂದು ಬಾಗಿಲು ಜಡಿದು ಹಾಕಿಕೊಂಡ. ಕಾಳಪ್ಪ ಗಾಜಿಗೆ ಮುಖ ಒತ್ತಿ ಕೂಗಿದ, ಬಡಿದ. ತೆರೆಯೋಣವೆಂದರೆ ಹೊರಗೆ ಹಿಡಿಕೆಯೇ ಇಲ್ಲ. ಒಳಗಿನಿಂದ ಮೌನಪ್ಪ ಬಡಿಗೆ ತೋರಿಸುತ್ತಿದ್ದ.

ಕಾಳಪ್ಪ ಸುತ್ತು ಹಾಕಿ ಅಡುಗೆಮನೆಗೆ ಬಂದ. ಬೋಳು ತಲೆ ಕೆಂಪಾಗಿತ್ತು. "ಕರಿ ನಿನ್ನ ಮಗನ್ನ!"

ಮೌನಪ್ಪ ಬಂದು ನಿಂತ.

"ಏನಲೇ ಮಂಗ್ಯಾ, ಹೊರಗ ನಿಂತವ ಏನು ಹಿಡ್ಕೋಬೇಕು? ಗಾಳಿ ಹಿಡ್ಕೋಬೇಕೇನು? ಹಿಡಿಕಿ ಇರಬೇಕಾದ್ದು ಹೊರಗ! ಬಂದವರ ಕೈಗೆ ಸಿಗೂವಂಗ! ತಿಳೀತೇನು? ಹೊರಗ!"

"ತಿಳೀತು ಮಾವಾ. ಹೊರಗ."

"ತಂಗೀ, ಇದ ಕಡೀದು. ಇನ್ನೊಂದು ತಪ್ಪಾತೋ, ಪೆಟ್ಟಿಗಿ ನನ್ನ ಮನ್ಯಾಗ!" ಅಂತ ಕಾಳಪ್ಪ ಹೊರಟ.

"ಹೋಗು ಮಾವಾ," ಅಂದ ಮೌನಪ್ಪ ಬಹಳ ವಿನಯದಿಂದ.

ಕಾಳಪ್ಪ ಗಕ್ಕನೆ ನಿಂತ, ತಿರುಗಿ ನೋಡಿದ, ಕಾಲು ಅಪ್ಪಳಿಸಿ ಹೋದ. ಈರವ್ವ ಲಟ್ಟಣಿಗೆ ಎತ್ತಿದಳು. "ಅಯ್ಯ ಪಾಪಿ! ದೊಡ್ಡವರಿಗೆ 'ಹೋಗು' ಅಂತಾರೇನು? ಸತ್ತವರಿಗೆ ಅನ್ನೂ ಮಾತದು! 'ಹೋಗಿ ಬಾ' ಅನಬೇಕು. ನೀ ಎಲ್ಲಿಂದರ ಹೊಂಟಿ ಅಂದ್ರ 'ಹೋಗಿ ಬರ್ತೀನಿ' ಅನಬೇಕು!"

"ಅಂದ ಮ್ಯಾಲ?"

ತವೆಯ ಮೇಲೆ ರೊಟ್ಟಿ ಸೀಯುತ್ತಿತ್ತು. ಈರವ್ವನ ಮನಸ್ಸೆಲ್ಲ ಪೆಟ್ಟಿಗೆಯ ಮೇಲಿತ್ತು. "ಅಂದ ಮ್ಯಾಲ ಏನೈತಿ? ಅಂದಂಗ ನಡೀಬೇಕು! ನಿಮ್ಮಪ್ಪ ಆಡಿದ ಮಾತು ಎಂದರ ತಪ್ಪಿಸ್ಯಾನೇನು? ಹೋಗು, ಕೆಲಸಾ ಮುಗಸು!"

"ಹಂಗ ಮಾಡ್ತೀನಿ ಬೇ."

ಅಂದು ವಾಡೆಯ ಮಂದಿಯೆಲ್ಲ ಪಕ್ಕದೂರಿನ ಮದುವೆಗೆ ಹೋಗಿದ್ದರು. ಬಾಯಿಯವರು ಮಾತ್ರ, ಹಿಡಿಕೆ ಕೆಲಸ ಮುಗಿಯಲಿ ಅಂತ ಉಳಿದಿದ್ದರು. ರೊಟ್ಟಿ ಬಡಿದಾದ ಮೇಲೆ ಈರವ್ವ ಮನೆಗೆ ಹೋದಳು. ಎದುರಿಗೆ ನಿಂತು ನೋಡುವ ಧೈರ್ಯ ಅವಳಿಗಿರಲಿಲ್ಲ.

ಮೌನಪ್ಪ ಏನು ಮಾಡಿದ? ಒಳಗಿನ ಎರಡು ಹಿಡಿಕೆ ಬಿಚ್ಚಿದ. ಹೊರಗೆ ಹಚ್ಚಿದ. ಹೊರಗಿನವನ್ನೂ ಹೊರಗೇ ಹಚ್ಚಿದ. ಒಂದೊಂದು ಬಾಗಿಲಿಗೆ ಒಂದರ ಕೆಳಗೊಂದು ಎರಡೆರಡು ಹಿಡಿಕೆ, ಹೊರಗೆ! ಮೇಲಿನದು ಕೊಂಡಿ ತಿರುವಲು, ಕೆಳಗಿನದು ಹಿಂದೆ ಬಂದವರು ಹಿಡಿದುಕೊಂಡು ನಿಲ್ಲಲು. ಒಳಗೆ ಬರೀ ಒಂದು ತೂತು. ತೋಟದ ಬಾಗಿಲು ಹಾಕಿ, ಗಾಜಿನ ಮನೆ ಹಾದು ಪಡಸಾಲೆ ಕಡೆ ಬಂದ. ಬಾಯಿಯವರು ಒಳಗೆ ಬೆನ್ನು ಮಾಡಿ ಕೂತು, ಮಂಗ ಕಿತ್ತ ಗಿಡಕ್ಕೆ ಮಣ್ಣು ಒತ್ತುತ್ತಿದ್ದರು.

"ಬಾಯಾರ, ಆತ್ರಿ. ಹೋಗಿ ಬರ್ತೀನ್ರಿ!"

ಇಷ್ಟು ಸಂಭಾವಿತ ಮಾತು ಇವನ ಬಾಯಿಂದ! ಬಾಯಿಯವರಿಗೆ ಸಂತೋಷವಾಯಿತು. ತಿರುಗಿಯೂ ನೋಡದೆ, "ಹೂಂ, ಹೋಗಿ ಬಾರಪ್ಪ" ಅಂದರು. ಮೌನಪ್ಪ ಹೊರಗೆ ಬಂದು ಹೊಸ ಹಿಡಿಕೆ ಹಿಡಿದು ಬಾಗಿಲು ಎಳೆದುಕೊಂಡ. ಟಕ್! ಕೊಂಡಿ ಕಚ್ಚಿತು. ಎಂಥಾ ಗಟ್ಟಿ!

ಈರವ್ವ ಹೊಸ್ತಿಲಲ್ಲೇ ಕೂತಿದ್ದಳು. ಮಗ ಬರುವುದು ಕಂಡಿತು. ಹಿಂದೆ ಯಾರೂ ಅಟ್ಟಿಸಿಕೊಂಡು ಬರುತ್ತಿರಲಿಲ್ಲ.

"ಆತೇನೋ?"

"ಆತು ಬೇ."

"ಎಲ್ಲಾ ಹಚ್ಚಿದ್ಯಾ?"

"ನಾಕೂ ಹಚ್ಚಿದೆ."

"ಬಾಯಾರು ಏನಂದ್ರು?"

"ಹೋಗಿ ಬಾರಪ್ಪ ಅಂದ್ರು."

ಬೈದಿಲ್ಲ! ಕಿರುಚಿಲ್ಲ! ಈರವ್ವನ ಕಣ್ಣಲ್ಲಿ ನೀರು ಬಂತು. "ಕೈ ತೊಳ್ಕೊ ನನ್ನಪ್ಪ, ಊಟ ಮಾಡು" ಅಂತ ಗಂಗಾಳ ಹಾಕಿದಳು, ರೊಟ್ಟಿ ಹಾಕಿದಳು, ಬದನೆಕಾಯಿ ಪಲ್ಯ ಹಾಕಿದಳು, ಬೆಣ್ಣೆಯನ್ನೂ ಹಾಕಿದಳು. ತಲೆ ಎತ್ತಿ ನೋಡಿದರೆ ಮಗ ಬೆನ್ನು ತಿರುಗಿಸಿ ಬೀದಿಗೆ ಇಳಿದಿದ್ದಾನೆ.

"ಎಲ್ಲಿಗಲೇ?"

"ವಾಡೇಕ್ಕ."

"ಯಾಕ?"

"'ಹೋಗಿ ಬರ್ತೀನಿ' ಅಂದೀನಿ ಬೇ. ಹೋಗೂದು ಆತು. ಇನ್ನ ಬರೂದು ಉಳದೈತಿ."

"ಬ್ಯಾಡೋ! ಅದು ಬರೇ ಅನ್ನೂ ಮಾತೋ! ಎಲ್ಲಾರೂ ಹಂಗ ಅಂತಾರೋ!"

"ನಮ್ಮಪ್ಪ ಆಡಿದ ಮಾತು ತಪ್ಪಿಸ್ತಿದ್ದಿಲ್ಲ" ಅನ್ನುತ್ತ ಅವನು ದೊಡ್ಡ ದೊಡ್ಡ ಹೆಜ್ಜೆ ಹಾಕಿದ. ಸರಿಯಾಗಿ ಮುಗಿದ ಕೆಲಸವನ್ನು ಇವನು ಹೋಗಿ ಕೆಡಿಸುತ್ತಾನಲ್ಲ ಅಂತ ಈರವ್ವ ಬರಿಗಾಲಲ್ಲಿ ಹಿಂದೆ ಓಡಿದಳು. ಸೆರಗು ಒಂದು ಕಡೆ, ಅವಳು ಒಂದು ಕಡೆ.

ವಾಡೆಯ ಪಡಸಾಲೆಗೆ ಬರುತ್ತಿದ್ದಂತೆ ಸಪ್ಪಳ ಕೇಳಿತು. ಧಪ್! ಧಪ್! ಧಪ್! ಗಾಜಿನ ಮನೆಯೊಳಗೆ ಚಂದ್ರಾಬಾಯಿ. ಮುಖ ಬೆಂಕಿಯ ಹಾಗೆ ಕೆಂಪು, ಕೂದಲು ಹಣೆಗೆ ಅಂಟಿದೆ. ನೆತ್ತಿಯ ಮೇಲೆ ಗಾಜು, ಗಾಜಿನ ಮೇಲೆ ಬೇಸಿಗೆಯ ಸೂರ್ಯ. ತಿರುವೋಣವೆಂದರೆ ಹಿಡಿಕೆ ಇಲ್ಲ, ಕೂಗೋಣವೆಂದರೆ ಮನೆಯಲ್ಲಿ ಮಂದಿ ಇಲ್ಲ. ಕುಂಡ ಎತ್ತಿ ಗಾಜು ಒಡೆಯಬಹುದಿತ್ತು. ಎತ್ತಿದ್ದರು ಕೂಡ. ಆದರೆ ಗಾಜು ನೋಡಿ ಕರುಳು ಕಿತ್ತು ಬಂತು, ಕುಂಡದ ಹೂ ನೋಡಿ ಇನ್ನೂ ಕಿತ್ತು ಬಂತು, ಇಳಿಸಿಬಿಟ್ಟಿದ್ದರು. ಇನ್ನು ಸ್ವಲ್ಪ ಹೊತ್ತು ಹೋಗಿದ್ದರೆ ಅವರನ್ನು ಎತ್ತಿಕೊಂಡೇ ಹೊರಗೆ ತರಬೇಕಾಗುತ್ತಿತ್ತು.

ಮೌನಪ್ಪ ಹಿಡಿಕೆ ತಿರುವಿದ. ಬಾಗಿಲು ತೆರೆಯಿತು. ಬಾಯಿಯವರು ಈರವ್ವನ ಹೆಗಲ ಮೇಲೆ ಬಿದ್ದರು. "ನೀರು... ನೀರು..."

ಈರವ್ವ ನೀರು ಕುಡಿಸಿದಳು, ಸೆರಗಿನಿಂದ ಗಾಳಿ ಹಾಕಿದಳು. ಗಾಳಿ ಹಾಕುತ್ತ ಬಾಗಿಲ ಹೊರಗಿನ ಎರಡು ಹಿಡಿಕೆ ನೋಡಿದಳು, ಒಳಗಿನ ತೂತು ನೋಡಿದಳು. ಎಲ್ಲಾ ತಿಳಿಯಿತು. ಮುಗೀತು, ಪೆಟ್ಟಿಗೆ ಹೋಯಿತು ಅಂದುಕೊಂಡಳು.

ಬಾಯಿಯವರು ಸುಧಾರಿಸಿಕೊಂಡು ಮೌನಪ್ಪನನ್ನೇ ನೋಡಿದರು. "ನೀ ತಿರುಗಿ ಯಾಕ ಬಂದ್ಯೋ?"

"ಹೋಗಿ ಬರ್ತೀನಿ ಅಂದಿದ್ನೆಲ್ರಿ."

 ಬಾಯಿಯವರ ಹೊಟ್ಟೆ ಕುಲುಕಿತು, ಭುಜ ಕುಲುಕಿತು, ನಗು ಬಂತು ನೋಡಿ, ಕಣ್ಣೀರು ಬರುವ ಹಾಗೆ. "ಈರವ್ವಾ, ಈ ವಾಡೇದಿಂದ 'ಹೋಗಿ ಬರ್ತೀನಿ' ಅಂದು ಹೋದೋರು ಎಷ್ಟು ಮಂದಿ! ಬೀಗರು, ಬಿಜ್ಜರು, ಎಲ್ಲಾರೂ! ಅಂದಂಗ ಬಂದವ ಇವನೊಬ್ಬನ!"

ಈರವ್ವ ಉಸಿರು ಬಿಟ್ಟಳು. 

"ಆದ್ರ ಮಳ್ಳಾ," ಅಂತ ಬಾಯಿಯವರು ಬೆರಳು ಎತ್ತಿದರು, "ಒಳಗ ಸಿಕ್ಕೊಂಡವರು ಹೆಂಗ ಹೊರಗ ಬರಬೇಕೋ? ಒಂದು ಮಾತು ನೆನಪಿಡು. ಮುಚ್ಚೂದು ಅಂತ ಯಾವುದರ ಇದ್ರ, ಅದಕ್ಕ ಒಳಗೊಂದು ಹಿಡಿಕಿ ಇರಾಕ ಬೇಕು!"

"ಇರಾಕ ಬೇಕ್ರಿ," ಅಂದ ಮೌನಪ್ಪ. ಕೂತು ಕೆಳಗಿನ ಹಿಡಿಕೆ ಎರಡೂ ಬಿಚ್ಚಿ ಒಳಗೆ ಹಚ್ಚಿದ. ಬಾಯಿಯವರು ಈರವ್ವನನ್ನು ಹೊರಗೆ ನಿಲ್ಲಿಸಿ ಒಳಗಿನಿಂದ ತಿರುವಿದರು, ತೆರೆಯಿತು. ಹೊರಗಿನಿಂದ ತಿರುವಿದರು, ತೆರೆಯಿತು. ಎರಡು ಬಾಗಿಲೂ ಹೂವಿನ ಹಾಗೆ ಹಗುರ! ಸವೆದ ಹಳೇ ಹಿಡಿಕೆಗಳನ್ನು ಬಾಯಿಯವರು ಮೌನಪ್ಪನಿಗೇ ಕೊಟ್ಟು ಕಳಿಸಿದರು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾಳಪ್ಪ ಇದ್ದನಲ್ಲ! ಸಂಜೆಗೆ ಸುದ್ದಿ ಕೇಳಿ ಬಂದ. "ಉಳಿಸಿದ ಉಳಿಸಿದ ಅಂತ ಕುಣೀತೀಯಲ್ಲ ತಂಗೀ, ಸಿಗಿಸಿದಾವ ಯಾರು? ಇವನ! ಇನ್ನೊಂದು ತಪ್ಪಾದ್ರ ಪೆಟ್ಟಿಗಿ ನನ್ನದು ಅಂದಿದ್ದೆ. ತಪ್ಪಾತು. ನಾಳಿ ಮುಂಜಾನೆ ಗಾಡಿ ತರ್ತೀನಿ."

ನ್ಯಾಯ ಹೇಳಬೇಕೆಂದರೆ ಅವನ ಮಾತು ಸುಳ್ಳಲ್ಲ. ಈರವ್ವ ಮಾತು ಕೊಟ್ಟಿದ್ದಳು, ಬಾಯಿ ತೆಗೆಯುವುದಿಲ್ಲ ಅಂದಿದ್ದಳು. ತೆಗೆಯಲಿಲ್ಲ. ಗೋಡೆ ಕಡೆ ತಿರುಗಿ ಅತ್ತಳು.

ಬೆಳಗಾಯಿತು. ಈರವ್ವ ಬಾವಿಯಿಂದ ಕೊಡ ಹೊತ್ತು ಬರುವಷ್ಟರಲ್ಲಿ ಮನೆ ಮುಂದೆ ಕೈಗಾಡಿ ನಿಂತಿತ್ತು. ಕಾಳಪ್ಪ ಪೆಟ್ಟಿಗೆಯನ್ನು ಹೊಸ್ತಿಲವರೆಗೆ ಎಳೆದು ತಂದು ಬೆವರುತ್ತಿದ್ದ. ಓಣಿಯ ಇಬ್ಬರು ಬಂದು ಕೈ ಹಚ್ಚಿದರು. "ಏನ್ ಭಾರ ಇದು! ನಿನ್ನ ಗಂಡ ಇಡೀ ಕಮ್ಮಾರಸಾಲಿ ತುಂಬಿಟ್ಟಾನೇನು?" ಅಂದ ಕಾಳಪ್ಪ.

ಈರವ್ವ ಒಳಗೆ ನೋಡಿದಳು. ಮಗ ಇಲ್ಲ. ಗೋಡೆ ಬದಿಯ ಚಾಪೆಯ ಮೇಲೆ ಉಳಿ, ಬಾಚಿ, ಕರಗಸ, ಸುತ್ತಿಗೆ, ಎಲ್ಲ ಹತ್ಯಾರ ಸಾಲಾಗಿ ಮಲಗಿದ್ದವು. ಹಾಗಾದರೆ ಪೆಟ್ಟಿಗೆಯಲ್ಲಿ ಏನಿದೆ? ಕಿವಿ ಕೊಟ್ಟಳು. ಗೊರ್... ಗೊರ್... ಸಣ್ಣ ಗೊರಕೆ. ಆ ಗೊರಕೆಯನ್ನು ಅವಳು ಮಗ ತೊಟ್ಟಿಲಲ್ಲಿದ್ದಾಗಿನಿಂದ ಕೇಳಿಕೊಂಡು ಬಂದವಳು!

ಬಾಯಿ ತೆರೆದಳು. ಬಾಯಿ ತೆಗೆಯುವುದಿಲ್ಲ ಅಂದದ್ದು ನೆನಪಾಯಿತು. ಮುಚ್ಚಿದಳು. "ಹೋಗಿ ಬಾ ಅಣ್ಣಾ," ಅಂತಷ್ಟೇ ಅಂದು, ದೂರದಿಂದ ಗಾಡಿಯ ಹಿಂದೆ ನಡೆದಳು. ನಗು ಬರುತ್ತಿತ್ತೋ ಅಳು ಬರುತ್ತಿತ್ತೋ ಅವಳಿಗೇ ತಿಳಿಯದು.

ಗಾಡಿ ಪೇಟೆಗೆ ಬಂತು. ಚೌಕದ ಚಹಾ ಅಂಗಡಿಯ ಮುಂದೆ ಗಾಲಿ ಒಂದು ಕಲ್ಲಿಗೆ ಹಾರಿ ಕುಕ್ಕಿತು. ಗೊರಕೆ ನಿಂತಿತು. ಕಿರ್ ಅಂತ ಪೆಟ್ಟಿಗೆಯ ಮುಚ್ಚಳ ತಾನಾಗಿ ಎದ್ದಿತು. ಒಳಗಿನಿಂದ ಒಂದು ಹಳೇ ಕೆಂಪು ರುಮಾಲು ಎದ್ದಿತು. ಮುಚ್ಚಳ ತಲೆಗೆ ಬಡಿಯಬಾರದು ಅಂತ ಮೌನಪ್ಪ ಅಪ್ಪನ ರುಮಾಲು ಸುತ್ತಿಕೊಂಡಿದ್ದ.

"ಬರೊಬ್ಬರಿ ಐತಿ!" ಅಂದಿತು ಪೆಟ್ಟಿಗೆಯೊಳಗಿನ ದನಿ.

ಕಾಳಪ್ಪ ತಿರುಗಿ ನೋಡಿದ. ಅದೇ ಪೆಟ್ಟಿಗೆ, ಅದೇ ರುಮಾಲು, ಸತ್ತ ಭಾವನ ಅದೇ ಮೂಗು! ಗಾಡಿ ಅಲ್ಲೇ ಬಿಟ್ಟ, ಓಡಿದ. ಓಡುತ್ತ ಓಡುತ್ತ ಇಡೀ ಪೇಟೆ ಕೇಳುವ ಹಾಗೆ ಕೂಗಿದ: "ತಪ್ಪಾತೋ ಭಾವಾ! ನಿನ್ನ ಹತ್ಯಾರ ನಿನ್ನ ಮಗಗ ಇರಲೋ! ನನಗ ಬ್ಯಾಡೋ! ನಿನ್ನ ಮಗಗ ಇರಲೋ!"

ಪೇಟೆ ಕೇಳಿತು. ಚಹಾ ಕುಡಿಯುವವರು ಕೇಳಿದರು, ಅಂಗಡಿ ಬಾಗಿಲಲ್ಲಿ ನಿಂತ ರೇವಣಸಿದ್ದಪ್ಪ ಕೇಳಿದ, ಹೂ ಮಾರುವವಳೂ ಕೇಳಿದಳು. ಅಷ್ಟು ಮಂದಿಯ ಮುಂದೆ ಆಡಿದ ಮಾತನ್ನು ಕಾಳಪ್ಪ ಇನ್ನು ಹೇಗೆ ಹಿಂದಕ್ಕೆ ತೆಗೆದುಕೊಂಡಾನು? ಆಮೇಲೆ ನಿಜ ಗೊತ್ತಾದರೂ ನಾಚಿಕೆಗೆ ಪೆಟ್ಟಿಗೆಯ ಹೆಸರು ಎತ್ತಲಿಲ್ಲ.

ಈರವ್ವ ಓಡಿ ಬಂದು ಪೆಟ್ಟಿಗೆಯಲ್ಲಿ ನಿಂತಿದ್ದ ಮಗನನ್ನು ತಬ್ಬಿಕೊಂಡಳು. ಉಳಿಯಿತು! ಹತ್ಯಾರ ಉಳಿಯಿತು, ಕಸುಬು ಉಳಿಯಿತು! ಎದೆಯ ಮೇಲಿನ ಚಪ್ಪಡಿ ಕಲ್ಲು ಇಳಿದ ಹಾಗಾಯಿತು.

"ಇದರಾಗ ಯಾಕ ಹೊಕ್ಕಿದ್ಯೋ ನನ್ನಪ್ಪಾ?"

"ಮುಚ್ಚೂದಕ್ಕೆಲ್ಲ ಒಳಗ ಹಿಡಿಕಿ ಬೇಕು ಅಂದ್ರಲ್ಲ ಬಾಯಾರು. ಪೆಟ್ಟಿಗೀಗೆ ಹಚ್ಚಿದೆ. ಸಿಕ್ಕೊಂಡವರು ಹೊರಗ ಬರ್ತಾರೋ ಇಲ್ಲೋ, ಒಬ್ಬರು ಸಿಕ್ಕೊಂಡು ನೋಡಬೇಕಲ್ಲಬೇ? ಒಳಗ ಬೆಚ್ಚಗಿತ್ತು, ನಿದ್ದಿ ಬಂತು."

ಒಳಗಿನಿಂದ ದೂಡಿದರೆ ತೆರೆಯುವ ಮುಚ್ಚಳಕ್ಕೆ ಒಳಗೆ ಹಿಡಿಕೆ ಯಾಕೆ ಅಂತ ಈರವ್ವ ಕೇಳಲಿಲ್ಲ. ಬೈಯಲೂ ಇಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಹೇಳಿದ ಬುದ್ಧಿಯೆಲ್ಲ ಏನೇನಾಯಿತು ಅಂತ ಅವಳಿಗೆ ಗೊತ್ತಿತ್ತು. "ನಡಿ, ಮನಿಗೆ ಹೋಗೂನು" ಅಂದಳು. ತಾಯಿ ಮಗ ಕೂಡಿ ಪೆಟ್ಟಿಗೆ ಎಳೆದುಕೊಂಡು ಹೋದರು.

ಮನೆಗೆ ಬಂದು ನೋಡಿದರೆ, ಹೊತ್ತು ಏರಿದರೂ ಕೋಳಿಗಳು ಇನ್ನೂ ಬುಟ್ಟಿಯೊಳಗೇ ಕೊಕ್ಕೊಕ್ಕೊ ಅನ್ನುತ್ತಿವೆ. ಈರವ್ವ ಬುಟ್ಟಿ ಎತ್ತಲು ಹೋದಳು. ಮೌನಪ್ಪ ಅಡ್ಡ ಬಂದ. "ಎತ್ತಬ್ಯಾಡ ಬೇ! ಒಳಗ ಹಿಡಿಕಿ ಹಚ್ಚೀನಿ. ತಾವ ಬರ್ತಾವು." ಅಂದವನೇ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಸಂದಿಯಿಂದ ಬೆರಳು ತೋರಿಸುತ್ತ, ದೊಡ್ಡ ಹುಂಜಕ್ಕೆ ಹಿಡಿಕೆ ಎತ್ತಕಡೆ ತಿರುವಬೇಕು ಅಂತ ನಿಧಾನವಾಗಿ ಹೇಳಿಕೊಡತೊಡಗಿದ.